ಪುಸ್ತಕದಲ್ಲಿ ಇಲ್ಲದ ಹಾಡು

ಸೋಮವಾರ, ಬೆಳಿಗ್ಗೆ

ಮುದ್ದು ಮಗಳೇ,

ನಿನ್ನ ಪುಸ್ತಕದ ಬಗ್ಗೆ ಓದುಗರು ಏನಂದರು, ಬೈದದ್ದನ್ನೂ ಬಿಡದೆ ಬರಿ ಅಂದಿದ್ದೆಯಲ್ಲ, ಬರೆಯುತ್ತಿದ್ದೇನೆ. ನಿನ್ನೆ ಗ್ರಂಥಾಲಯದ ಓದುಗರ ಕೂಟದಲ್ಲಿ ಅದರದೇ ಚರ್ಚೆ. ಗುಪ್ತನಾಮದ ಹಿಂದಿರುವವಳು ನನ್ನ ಮಗಳೆಂದು ಚಿಕ್ಕಪ್ಪನೊಬ್ಬನನ್ನು ಬಿಟ್ಟರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಅವನೇ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದ.

ಗಣಿತದ ಮೇಷ್ಟ್ರು ಮೊದಲು ಎದ್ದರು. ಉತ್ತರ ಧ್ರುವದ ಹತ್ತಿರ, ಸೂರ್ಯನೇ ಹುಟ್ಟದ ಜಾಗದಲ್ಲಿ, ನೆರಳು ನೋಡಿ ಕೊಲೆಗಾರನನ್ನ ಹಿಡೀತಾರಂತೆ, ನನ್ನ ತಲೆ ಅಂದರು. ಲಾಟೀನು ಇತ್ತಲ್ಲ ಮೇಷ್ಟ್ರೇ, ಪುಟ ಹಾರಿಸಿದ್ರಾ ಅಂತ ಗ್ರಂಥಪಾಲಕಿ ಕಾಲೆಳೆದಳು. ಹಲ್ಲಿನ ಡಾಕ್ಟರಮ್ಮನಿಗೆ ಪುಸ್ತಕ ಬಹಳ ಹಿಡಿಸಿದೆ. ಓದ್ತಾ ಓದ್ತಾ ಎರಡು ಶಾಲು ಹೊದ್ಕೊಂಡೆ, ನಮ್ಮನೆಯವರು ಜ್ವರ ಅಂತ ಥರ್ಮಾಮೀಟರ್ ಹಿಡ್ಕೊಂಡು ಬಂದ್ರು ಅಂದಾಗ ಎಲ್ಲರೂ ನಕ್ಕರು.

ಟೈಲರಮ್ಮ ಮಾತ್ರ ಒಪ್ಪಲಿಲ್ಲ. ಹವಾಮಾನ ಕೇಂದ್ರದ ಅಡುಗೆಯವನನ್ನ ಉಗ್ರಾಣದಲ್ಲಿ ಕೂಡಿಹಾಕಿದ್ರು, ಸರಿ. ಅಂಥ ಚಳೀಲಿ ಸಾಯೋನು ಕೋಟು ಬಿಚ್ಚಿ ಮಡಿಸಿಡ್ತಾನಾ? ಈ ಲೇಖಕಿ ಫ್ರಿಜ್ ಬಾಗಿಲನ್ನೂ ತೆಗೆದು ನೋಡಿಲ್ಲ ಬಿಡಿ ಅಂದಳು.

ಅದಕ್ಕೂ ಎಲ್ಲರೂ ನಕ್ಕರು, ನಾನು ನಗಲಿಲ್ಲ. ನಿಮ್ಮಪ್ಪ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸಿಕ್ಕಿಹಾಕಿಕೊಂಡು ಹೋದರೆಂಬುದು ನಿನಗೆ ಗೊತ್ತು. ಬಾಗಿಲು ತೆಗೆದಾಗ ಅವರ ಕೋಟು ಪಕ್ಕದಲ್ಲಿ ಮಡಿಸಿಟ್ಟಿತ್ತು ಎಂಬುದನ್ನು ಮಾತ್ರ ನಿನಗೆ ಹೇಳಿರಲಿಲ್ಲ. ನೀನು ಕಥೆಗಾಗಿ ಎಲ್ಲೋ ಓದಿ ತಿಳಿದು ಬರೆದಿರಬೇಕು. ಆ ಪುಟವನ್ನು ಎರಡು ಸಲ ಓದಿದ್ದೆ.

ಆಗ ನಿನ್ನ ಚಿಕ್ಕಪ್ಪ ಎದ್ದು ನಿಂತ. ನಿನ್ನ ಪರ ವಹಿಸಿದ. ಬಿಚ್ತಾರಮ್ಮ, ಕೊನೆಗೊನೆಗೆ ಮೈಯೆಲ್ಲ ಸೆಕೆ ಅನ್ಸುತ್ತೆ ಅಂದ. ಮೊದಲು ಬಾಗಿಲು ಬಡೀತಾರೆ, ಬೈತಾರೆ, ಬೇಡ್ಕೋತಾರೆ. ಆಮೇಲೆ ಕೋಟು ಬಿಚ್ಚಿಟ್ಟು ಹಾಡು ಹೇಳ್ತಾ ಕೂತ್ಕೊಳ್ತಾರೆ. ಬರೀ ಪಲ್ಲವಿ, ಅದನ್ನೇ ತಿರುಗಿಸಿ ತಿರುಗಿಸಿ ಅಂದ. ಎಷ್ಟು ಚೆನ್ನಾಗಿ ಓದಿದ್ದೀರಿ ಸಾರ್ ಅಂತ ಗ್ರಂಥಪಾಲಕಿ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದು ಆ ಅಧ್ಯಾಯ ತೆಗೆದೆ. ಆಮೇಲೆ ಇಡೀ ಪುಸ್ತಕವನ್ನೇ ಮತ್ತೆ ಓದಿದೆ. ಹಾಡು ಎಲ್ಲೂ ಇಲ್ಲ. ನಿಮ್ಮಪ್ಪನಿಗೆ ಯಾವ ಹಾಡಿನದೂ ಚರಣ ಬರುತ್ತಿರಲಿಲ್ಲ, ಗೊತ್ತಲ್ಲ. ನೀನು ಚಿಕ್ಕವಳಿದ್ದಾಗ ಅದಕ್ಕೇ ರೇಗಿಸುತ್ತಿದ್ದೆ.

ವಿಚಾರಣೆಯಲ್ಲಿ ಚಿಕ್ಕಪ್ಪ ಹೇಳಿದ್ದು, ಆ ರಾತ್ರಿ ತಾನು ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಪಾಳಿ ಮುಗಿಸಿ ಮನೆಗೆ ಬಂದು ಮಲಗಿದ್ದೆ ಎಂದು. ಚಿಲಕ ತಾನಾಗಿ ಬಿದ್ದಿರಬೇಕೆಂದು ಪೊಲೀಸರು ಬರೆದುಕೊಂಡರು. ಆಮೇಲೆ ನಾವು ಊರು ಬಿಟ್ಟಾಗ ಅವನೂ ಬಂದ. ನಮಗೋಸ್ಕರ ಮದುವೆಯನ್ನೂ ಮಾಡಿಕೊಳ್ಳದ ಮನುಷ್ಯನೆಂದು ನಾನೇ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅವನು ಮಹಡಿಯ ಮೇಲೆ ಓಡಾಡುವುದು ಕೇಳಿಸುತ್ತಿದೆ. ಅಡುಗೆಮನೆಯಲ್ಲಿ ಫ್ರಿಜ್ ಗುಂಯ್‌ಗುಟ್ಟಿದಾಗಲೆಲ್ಲ ಆ ಪಲ್ಲವಿ ಎದ್ದಂತಾಗುತ್ತಿತ್ತು. ಬೆಳಿಗ್ಗೆ ಪ್ಲಗ್ಗನ್ನೇ ಕಿತ್ತೆ. ಹಾಲು ಒಡೆದರೆ ಒಡೆಯಲಿ.

ನಿನ್ನೆಯ ಮಾತುಗಳನ್ನೆಲ್ಲ ಗ್ರಂಥಪಾಲಕಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾಳೆ, ಲೇಖಕಿಗೆ ಕಳಿಸಬೇಕೆಂದು. ಅಳಿಸದಂತೆ ನೀನೇ ಅವಳಿಗೆ ಹೇಳು. ಆಮೇಲೆ ಬಾ. ಮನೆಗೆ ಬರಬೇಡ, ನೇರ ಗ್ರಂಥಾಲಯಕ್ಕೆ ಬಾ. ಅಲ್ಲಿಂದ ಇಬ್ಬರೂ ಪೊಲೀಸ್ ಠಾಣೆಗೆ ಹೋಗೋಣ. ಫೋನಿನಲ್ಲಿ ಏನೂ ಕೇಳಬೇಡ. ಈ ಮನೆಯಲ್ಲಿ ಕೆಳಗೆ ಆಡಿದ್ದು ಮೇಲಕ್ಕೆ ಕೇಳುತ್ತದೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಿಕ್ಕಪ್ಪ ಇಳಿದು ಬಂದ. ಬಾಗಿಲಲ್ಲೇ ನಿಂತು, ಅತ್ತಿಗೆ, ನಿನ್ನೆ ನಾನು ಹಾಡು ಗೀಡು ಅಂತ ಏನಾದ್ರೂ ಅಂದ್ನಾ ಅಂತ ಕೇಳಿದ. ಪುಸ್ತಕದಲ್ಲಿದ್ದದ್ದನ್ನೇ ಅಂದೆಯಲ್ಲಪ್ಪ ಅಂದೆ. ಹೌದ್ಹೌದು, ಇತ್ತು ಅಂದ. ಆಮೇಲೆ, ಆ ಪುಸ್ತಕ ಒಂದ್ಸಲ ಕೊಡಿ, ಇನ್ನೊಮ್ಮೆ ಓದ್ಬೇಕು ಅಂದ. ಪಕ್ಕದ ಮನೆಯವರು ಒಯ್ದಿದ್ದಾರೆ ಅಂದಿದ್ದೇನೆ. ಬೇಗ ಬಾ.