ನಿಮ್ಮ ಗಡಿಯಾರದಲ್ಲಿ ನಮ್ಮ ಮದುವೆ ಇನ್ನೂ ಆಗಿಲ್ಲ

ನಗರಸಭೆಯ ಗಣಕ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನನಗೆ ಮದುವೆಯಾಗಿದೆ. ಈ ಸಂಗತಿ ನನಗೆ ಗೊತ್ತು, ನನ್ನ ಗಂಡನಿಗೆ ಗೊತ್ತು, ಸಾಕ್ಷಿ ಹಾಕಿದ ಔಷಧಿ ಅಂಗಡಿಯವರಿಗೂ ಗೊತ್ತು. ಗೊತ್ತಿಲ್ಲದಿರುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ. ಅದರ ಪ್ರಕಾರ ನಮ್ಮ ಮದುವೆ ನಡೆಯುವುದು ಇನ್ನು ಐವತ್ತು ವರ್ಷ ಕಳೆದ ಮೇಲೆ. ಆಗ ನನಗೆ ನೂರು ದಾಟಿರುತ್ತದೆ, ವರನಿಗೆ ನನಗಿಂತಲೂ ಹೆಚ್ಚು. ಅಷ್ಟು ಕಾಯುವ ಯೋಚನೆ ನಮಗಿರಲಿಲ್ಲ. ಈಗ ಆದದ್ದೇ ತಡವಾಯಿತೆಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದಾರೆ.

ನಾನು ಮಾರುಕಟ್ಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವಳು. ನಮ್ಮವರು ಲಿಫ್ಟ್ ರಿಪೇರಿ ಮಾಡುವವರು. ನಮ್ಮ ಕಟ್ಟಡದ ಲಿಫ್ಟ್ ಒಂದು ದಿನ ಎರಡು ಮಹಡಿಗಳ ನಡುವೆ ಕೈಕೊಟ್ಟು ನಾನು ಒಳಗೆ ಸಿಕ್ಕಿಹಾಕಿಕೊಂಡಾಗ ಬಾಗಿಲ ಸಂದಿಯಿಂದ ಒಂದು ದನಿ ಕೇಳಿಸಿತು. "ಹೆದರಬೇಡಿ ಮೇಡಂ, ಇನ್ನೇನು ಸರಿಹೋಗುತ್ತೆ. ಅಲ್ಲೀತನಕ ಒಂದು ಹಾಡು ಹೇಳಲಾ?" ಬೇಡ ಎನ್ನುವಷ್ಟರಲ್ಲಿ ಶುರುವಾಗಿಯೇ ಬಿಟ್ಟಿತು. ಆ ಹಾಡಿಗಿಂತ ಲಿಫ್ಟ್ ಕೆಳಗೆ ಬಿದ್ದಿದ್ದರೂ ವಾಸಿಯಿತ್ತು. ಹೊರಗೆ ಬಂದು ನೋಡಿದರೆ ಹಾಡುಗಾರರ ಕನ್ನಡಕದ ಒಂದು ಕಡ್ಡಿಗೆ ತಂತಿ ಸುತ್ತಿತ್ತು. ಅಂಗಡಿಗೆ ಬನ್ನಿ, ಸರಿಮಾಡಿಕೊಡುತ್ತೇನೆ ಎಂದೆ. ಆಮೇಲೆ ಆ ಕನ್ನಡಕ ಯಾರಿಗಾದರೂ ಅನುಮಾನ ಬರುವಷ್ಟು ಸಲ ಕೆಟ್ಟಿತು.

ಅನುಮಾನ ಮೊದಲು ಬಂದದ್ದು ಅವರ ಅಕ್ಕನಿಗೆ. ಅಕ್ಕ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಈಗಲೂ ಅವರು ಮಾತಾಡಿದರೆ ಸೀಟಿ ಊದಿದಂತಿರುತ್ತದೆ, ಎದುರಿಗಿದ್ದವರು ತಾವಾಗಿಯೇ ಸಾಲಾಗಿ ನಿಲ್ಲುತ್ತಾರೆ. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತೇನೋ ನಿಂಗೆ?" ಎಂದು ತಮ್ಮನನ್ನು ಕೇಳಿದರು. ನನ್ನನ್ನು 'ಆ ಕನ್ನಡಕದವಳು' ಎಂದರು. ನೋಂದಣಿ ಕಚೇರಿಗೆ ಬರಲಿಲ್ಲ. ನಾವು ಸಹಿ ಹಾಕಿದೆವು, ಗುಮಾಸ್ತರು ಕಾಗದ ಮುದ್ರಿಸಿಕೊಟ್ಟರು, ಮನೆಗೆ ತಂದು ಬೀರುವಿನಲ್ಲಿಟ್ಟೆವು. ತಮ್ಮ ಮದುವೆಯ ಪತ್ರವನ್ನು ಕೂತು ಓದುವವರನ್ನು ನೀವು ಕಂಡಿದ್ದೀರಾ? ಊರಿಗೆಲ್ಲ ಕನ್ನಡಕ ಹಾಕಿದವಳು ನಾನು. ನಾನೂ ಓದಲಿಲ್ಲ.

ಹೀಗಿರುವಾಗ ನಮ್ಮವರು ಬಿದ್ದು ಕಾಲು ಮುರಿದುಕೊಂಡರು. ಜೀವಮಾನವಿಡೀ ಲಿಫ್ಟಿನ ಆಳವಾದ ಹೊಂಡದ ಮೇಲೆ ಜೋತಾಡಿದ ಮನುಷ್ಯ ಬಿದ್ದದ್ದು ನಮ್ಮ ಮನೆಯ ಸ್ಟೂಲಿನ ಮೇಲಿಂದ, ಪರದೆ ಹಾಕುತ್ತಾ. ಆಪರೇಷನ್ ಆಯಿತು. ಆ ವಾರ್ಡಿನೊಳಗೆ ಗಂಡ ಹೆಂಡತಿ, ರಕ್ತಸಂಬಂಧಿಗಳನ್ನು ಬಿಟ್ಟು ಯಾರನ್ನೂ ಬಿಡುವುದಿಲ್ಲ. ನಾನು ಹೆಮ್ಮೆಯಿಂದ ಪತ್ರ ಕೊಟ್ಟೆ. ಬಾಗಿಲಲ್ಲಿದ್ದ ನರ್ಸಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದರು, ಆಮೇಲೆ ದೂರ ಹಿಡಿದರು. ಪಾಪ, ಅವರಿಗೆ ನಂಬರು ಬದಲಾಗಿದೆ ಅಂದುಕೊಂಡೆ.

"ಅಮ್ಮಾ, ಇದರಲ್ಲಿರೋ ತಾರೀಖು ನೋಡಿದರೆ ನೀವು ಇವರ ಹೆಂಡತಿ ಆಗೋದು ಇನ್ನೂ ಬಾಕಿ ಇದೆಯಲ್ಲಾ?"

"ಮುದ್ರಣದ ತಪ್ಪು ಕಣಮ್ಮ."

"ಇರಬಹುದು. ಆದ್ರೆ ಕಂಪ್ಯೂಟರಲ್ಲಿ ನಗರಸಭೆ ದಾಖಲೆ ತೆಗೆದರೂ ಹಾಗೇ ಇದೆ. ಸದ್ಯಕ್ಕೆ ನೀವು ಇವರಿಗೆ ಏನಾಗಬೇಕು ಅಂತ ಬರ್ಕೊಳ್ಳಲಿ? ಪರಿಚಯದವರು ಅನ್ಲಾ?"

ಅಷ್ಟರಲ್ಲಿ ಅಕ್ಕ ಬಂದರು, ರಕ್ತಸಂಬಂಧದ ಬಲದಿಂದ ಸೀದಾ ಒಳಗೆ ಹೋದರು. ನಾನು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಬಾಗಿಲ ಗಾಜಿನಿಂದ ಎಲ್ಲ ಕಾಣುತ್ತಿತ್ತು. ಅಕ್ಕ ಅವರಿಗೆ ಗಂಜಿ ತಿನ್ನಿಸುತ್ತಿದ್ದರು. ಅವರು ಗಂಜಿ ನುಂಗುತ್ತಾ ನನ್ನ ಕಡೆಗೇ ನೋಡುತ್ತಿದ್ದರು. ನಕ್ಕು ಕೈಬೀಸಿದೆ. ಆಮೇಲೆ ಮುಖ ತಿರುಗಿಸಿ ಚೀಲದಲ್ಲಿ ಕರವಸ್ತ್ರ ಹುಡುಕಿದೆ. ಈ ಪತ್ರದಲ್ಲಿ ತಮಾಷೆಯಲ್ಲದ ಭಾಗ ಇದೊಂದೇ, ದಯವಿಟ್ಟು ಇದನ್ನು ಎರಡು ಸಲ ಓದಿ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಪ್ರೋಗ್ರಾಮರ್ ಮೇಡಂ ಸಿಕ್ಕರು. ತಾರೀಖು ನೋಡಿದ್ದೇ ಅವರು ಹಣೆಗೆ ಕೈ ಇಟ್ಟುಕೊಂಡರು. ನಗರಸಭೆಯವರು ಮದುವೆಯ ಸುವರ್ಣ ಮಹೋತ್ಸವ ಮಾಡಿಕೊಳ್ಳುವ ದಂಪತಿಗಳಿಗೆ ತಾನಾಗಿಯೇ ಅಭಿನಂದನೆ ಕಳಿಸುವ ಪ್ರೋಗ್ರಾಂ ಮಾಡಿಸಿದ್ದಾರಂತೆ. ಅದು ಐವತ್ತು ವರ್ಷದ ನಂತರ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ನಿಮ್ಮ ಅಪ್ಪಣೆಯಂತೆ ಕಂಪ್ಯೂಟರಿನ ಗಡಿಯಾರವನ್ನೇ ಐವತ್ತು ವರ್ಷ ಮುಂದಕ್ಕೆ ತಿರುಗಿಸಲಾಯಿತು. ಅದೇ ಕಂಪ್ಯೂಟರಿನಲ್ಲಿ, ಅದೇ ಹೊತ್ತಿಗೆ, ಪಕ್ಕದ ಕೋಣೆಯಲ್ಲಿ ನನ್ನ ಮದುವೆ ನಡೆಯುತ್ತಿತ್ತು.

"ಹಾಗೆಲ್ಲ ಮಾಡಬಾರದು ಮೇಡಂ," ಎಂದರು ಆಕೆ ದನಿ ತಗ್ಗಿಸಿ. "ಟೈಮ್ ಎಷ್ಟು ಅಂತ ಪ್ರೋಗ್ರಾಂ ನೇರವಾಗಿ ಕಂಪ್ಯೂಟರನ್ನ ಕೇಳಬಾರದು. ನಡುವೆ ನಾವು ಬರೆದ ಒಂದು ಗಡಿಯಾರ ಇರಬೇಕು, ಅದನ್ನ ಕೇಳಬೇಕು. ಟೆಸ್ಟ್ ಮಾಡುವಾಗ ಅದರ ಜಾಗದಲ್ಲಿ ಒಂದು ಸುಳ್ಳು ಗಡಿಯಾರ ಇಟ್ಟರಾಯಿತು. ಐವತ್ತು ವರ್ಷ ಆಯ್ತು ಅಂದ್ರೆ ಆಯ್ತು ಅನ್ನುತ್ತೆ, ನಿಲ್ಲು ಅಂದ್ರೆ ನಿಲ್ಲುತ್ತೆ. ನಿಜವಾದ ಗಡಿಯಾರ ತನ್ನ ಪಾಡಿಗೆ ತಾನಿರುತ್ತೆ, ಯಾರ ಮದುವೆಗೂ ತೊಂದರೆ ಇಲ್ಲ."

"ಮತ್ತೆ ಯಾಕೆ ಮಾಡಲಿಲ್ಲ?"

"ಸಾಹೇಬರನ್ನ ಕೇಳಿದೆ. ಒಂದು ಗಡಿಯಾರ ಚೆನ್ನಾಗಿ ನಡೀತಿರುವಾಗ ಇನ್ನೊಂದು ಯಾಕಮ್ಮ ಅಂದರು."

ಮಾನ್ಯರೇ, ಈ ವಾಕ್ಯವನ್ನು ನಿಮ್ಮ ಕೋಣೆಯ ಬಾಗಿಲ ಮೇಲೆ ಕೆತ್ತಿಸಬೇಕು. ನಾಟಕದವರಿಗೆ ರಾತ್ರಿಯ ದೃಶ್ಯ ಬೇಕಾದರೆ ದೀಪ ಮಂಕು ಮಾಡುತ್ತಾರೆ. ನೀವಾಗಿದ್ದರೆ ಸೂರ್ಯನಿಗೇ ನೋಟಿಸು ಕಳಿಸುತ್ತಿದ್ದಿರಿ. ಆ ಒಂದು ಬೆಳಗಿನ ಪರೀಕ್ಷೆಯಲ್ಲಿ ನಿಮ್ಮ ಕಂಪ್ಯೂಟರು ಊರಿನ ಸಾಕುನಾಯಿಗಳಿಗೆಲ್ಲ ಆಯಸ್ಸು ಮುಗಿದಿದೆ ಎಂದು ತೀರ್ಮಾನಿಸಿ ಯಜಮಾನರಿಗೆ ಸಂತಾಪ ಸೂಚಿಸಿತಲ್ಲ, ನೆನಪಿದೆಯೇ? ನಮ್ಮ ಪಕ್ಕದ ದರ್ಜಿಯವರು ಆ ಸಂತಾಪವನ್ನು ತಮ್ಮ ನಾಯಿಗೇ ಓದಿ ಹೇಳಿದರು. ಅದು ಬಾಲ ಅಲ್ಲಾಡಿಸಿತು. ಇನ್ನು ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮ, ಗಂಡನನ್ನು ಮನೆಯಿಂದ ಹೊರಹಾಕಿದ ವಾರವೇ, ಐದು ದಶಕಗಳ ಸುಮಧುರ ದಾಂಪತ್ಯಕ್ಕಾಗಿ ಅಭಿನಂದನೆ ಪಡೆದರು.

ಇರಲಿ, ತಪ್ಪು ಎಲ್ಲರಿಂದಲೂ ಆಗುತ್ತದೆ. ಆದರೆ ತಿದ್ದುವ ನಿಮ್ಮ ಪರಿ ಇದೆಯಲ್ಲ, ಅದು ಎಲ್ಲರಿಂದಲೂ ಆಗುವಂಥದ್ದಲ್ಲ. ಇನ್ನೂ ನಡೆಯದ ಮದುವೆಯ ತಾರೀಖು ತಿದ್ದಲು ಬರುವುದಿಲ್ಲ ಎಂದಿರಿ. ಹೊಸದಾಗಿ ಮದುವೆಯಾಗುತ್ತೇವೆ ಎಂದೆವು. ನಮ್ಮ ಹೆಸರಿನಲ್ಲಿ ಆಗಲೇ ಒಂದು ಮದುವೆ ಇದೆ, ಆಗದು ಎಂದಿರಿ. ಕೊನೆಗೆ ನಿಮ್ಮ ಕೋಣೆಯಿಂದ ಪರಿಹಾರ ಹೊರಬಂತು: ಗಡಿಯಾರವನ್ನು ಮತ್ತೊಮ್ಮೆ ಮುಂದಕ್ಕೆ ತಿರುಗಿಸುವುದು, ನಾವು ಆ ಕಾಲದಲ್ಲಿ ವಿಚ್ಛೇದನ ಪಡೆಯುವುದು, ಗಡಿಯಾರ ಹಿಂದಕ್ಕೆ ಬಂದ ಮೇಲೆ ಮತ್ತೆ ಮದುವೆಯಾಗುವುದು!

ಗಡಿಯಾರ ಮತ್ತೆ ಮುಂದಕ್ಕೆ ತಿರುಗಿದ ದಿನ, ಆಸ್ಪತ್ರೆಯಿಂದ ಬಂದ ನಮ್ಮವರು ಊರುಗೋಲು ಹಿಡಿದು ನಿಮ್ಮ ಕೌಂಟರಿನ ಮುಂದೆ ನಿಂತರು. ತಮ್ಮನನ್ನು ಹಿಡಿದುಕೊಳ್ಳಲು ಅಕ್ಕನೂ ಬಂದಿದ್ದರು.

"ವಿಚ್ಛೇದನಕ್ಕೆ ಕಾರಣ?" ಎಂದು ಗುಮಾಸ್ತರು ಕೇಳಿದರು.

"ಮದುವೆ ಮಾಡ್ಕೊಳ್ಳೋಕೆ," ಎಂದರು ನಮ್ಮವರು.

"ಯಾರನ್ನ?"

"ಇವರನ್ನೇ."

ಗುಮಾಸ್ತರು ಅದನ್ನೂ ಒತ್ತಿದರು. ಕಂಪ್ಯೂಟರು ಒಪ್ಪಲಿಲ್ಲ. ಅರ್ಜಿದಾರರಿಬ್ಬರಿಗೂ ನೂರು ವರ್ಷ ಮೀರಿರುವುದರಿಂದ ಬದುಕಿರುವುದಕ್ಕೆ ಆ ವರ್ಷದ ಪ್ರಮಾಣಪತ್ರ ತರಬೇಕಂತೆ. "ಎದುರಿಗೇ ನಿಂತಿದ್ದೀವಲ್ರೀ" ಎಂದೆ. "ನೀವು ಈಗ ನಿಂತಿದ್ದೀರಮ್ಮ, ಆಗ ನಿಂತಿರ್ತೀರಾ ಅನ್ನೋದು ಪ್ರಶ್ನೆ" ಎಂದರು.

ಆಗ ಅಕ್ಕ ಕೌಂಟರಿನ ಮೇಲೆ ಅಂಗೈ ಬಡಿದರು. ಸಾಲಿನಲ್ಲಿದ್ದವರೆಲ್ಲ ನೆಟ್ಟಗಾದರು. "ಏನ್ರೀ ಇದು? ಇವಳು ನನ್ನ ತಮ್ಮನ ಹೆಂಡತಿ. ನಿಮ್ಮ ಡಬ್ಬಿ ಒಪ್ಪಲಿ ಬಿಡಲಿ, ನಮ್ಮನೆ ಸೊಸೆ ಇವಳು. ನೀವು ಎಬ್ಬಿಸಿ ಕೂರಿಸಿ ಆಟ ಆಡೋಕೆ ಇವಳೇನು ನಿಮ್ಮ ಶಾಲೆ ಹುಡುಗೀನಾ?" ನಮ್ಮವರು ನನ್ನ ಮುಖ ನೋಡಿದರು. ನಾನು ಮತ್ತೆ ಚೀಲದಲ್ಲಿ ಕೈಯಾಡಿಸಿದೆ, ಆ ಹಾಳು ಕರವಸ್ತ್ರ ಬೇಕಾದಾಗ ಸಿಗುವುದಿಲ್ಲ. ಅಕ್ಕ ತಮ್ಮದನ್ನು ತೆಗೆದು ನನ್ನ ಕೈಗೆ ತುರುಕಿ, "ಅಳಬೇಡ, ಇವರೆದುರಿಗೆ ಅಳಬಾರದು" ಎಂದು ಗದರಿಸಿದರು. ನಿಮ್ಮ ಇಲಾಖೆಯಿಂದ ನನಗಾದ ಉಪಕಾರ ಇದು. ಅದಕ್ಕೆ ಕೃತಜ್ಞತೆ ಸಲ್ಲಿಸದಿದ್ದರೆ ತಪ್ಪಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರೋಗ್ರಾಮರ್ ಮೇಡಂ ಸುಳ್ಳು ಗಡಿಯಾರವನ್ನು ಬರೆದು ಮುಗಿಸಿದ್ದಾರೆ. ನಮ್ಮ ತಾರೀಖನ್ನು ತಿದ್ದುವ ದಾರಿಯನ್ನೂ ಹುಡುಕಿದ್ದಾರೆ. ಎರಡಕ್ಕೂ ಬೇಕಾಗಿರುವುದು ನಿಮ್ಮ ಅನುಮತಿ. ಕೊಡಿ. ಇನ್ನು ಮುಂದೆ ಭವಿಷ್ಯವನ್ನು ಪರೀಕ್ಷಿಸುವ ಆಸೆಯಾದಾಗಲೆಲ್ಲ ಆ ಸುಳ್ಳು ಗಡಿಯಾರದೊಡನೆ ಮನಸಾರೆ ಆಡಿಕೊಳ್ಳಿ, ಬೇಕಾದರೆ ಪ್ರಳಯದವರೆಗೂ ಹೋಗಿಬನ್ನಿ, ನಮ್ಮದೇನೂ ತಕರಾರಿಲ್ಲ. ನಾವು ಸಂಸಾರ ಮಾಡುತ್ತಿರುವ ಕಾಲವನ್ನು ಮಾತ್ರ ಮುಟ್ಟಬೇಡಿ. ಸೋಮವಾರ ಬೆಳಿಗ್ಗೆ ಉತ್ತರ ಕೇಳಲು ನಿಮ್ಮ ಕೋಣೆಗೆ ಅಕ್ಕ ಒಬ್ಬರೇ ಬರುತ್ತಾರೆ. ನಿಮ್ಮ ಕಂಪ್ಯೂಟರಿನದಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿರುವ ಸೋಮವಾರ.

ಇಂತಿ,
ಮನೆಯಲ್ಲಿ ಹೆಂಡತಿ, ಆಸ್ಪತ್ರೆಯಲ್ಲಿ ಪರಿಚಯದವಳು, ನಿಮ್ಮಲ್ಲಿ ಭಾವೀ ವಧು ಆಗಿರುವ
ಮಾರುಕಟ್ಟೆ ಬೀದಿಯ ಕನ್ನಡಕದವಳು