ಶಾರ್ಜಾದಿಂದ ಬಂದ ಫೈಲು

ಕಾರಡ್ಕ
ಮಂಗಳವಾರ, 14-10-2025

ಪ್ರೀತಿಯ ತೃಪ್ತಿ ಅಕ್ಕ,

ನೀನು ನೆರೆಮನೆಯ ಮೋಕ್ಷಿತಾಳ ಹತ್ತಿರ ಕಳಿಸಿದ ಚೀಟಿ ಬೆಳಿಗ್ಗೆ ಸಿಕ್ಕಿತು. ಉತ್ತರವನ್ನೂ ಅವಳ ಹತ್ತಿರವೇ ಕೊಡುತ್ತೇನೆ. ಸಂಜೆ ಇಲ್ಲಿಯ ಬ್ಯಾಂಕಿನ ಕೆಲಸ ಮುಗಿಸಿ ನಿಮ್ಮೂರು ಬಾಯಾರಿಗೆ ಬಂದಾಗ ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ನಿನ್ನ ಫೋನ್ ಇನ್ನೂ ರಿಪೇರಿಯಿಂದ ಬಂದಿಲ್ಲ. ಸುಧೀರ್ ಭಾವನ ಫೋನಿಗೆ ಮಾಡಿದರೆ ಅವರು ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಲ್ಲುತ್ತಾರೆ, ನನ್ನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಪ್ಲಸ್ ಟು ಅರ್ಧಕ್ಕೆ ಬಿಟ್ಟವನು ಇಷ್ಟುದ್ದ ಬರೆಯುತ್ತಾನೆಂದು ನಗಬೇಡ.

ಕಾರಿನ ಎಂಜಿನ್ ಕಂಪ್ಯೂಟರಿಗೆ ಹೊಸ ಫೈಲು ಹಾಕಿಸುವ ಅಂತ ಭಾವ ಹೇಳುತ್ತಿದ್ದಾರೆ, ಅದರಿಂದ ನಿಜವಾಗಿ ಪ್ರಯೋಜನ ಉಂಟಾ ಎಂದು ಕೇಳಿದ್ದೀ. ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಅದು ಆಗಿಹೋಗಿದೆ. ಹನ್ನೆರಡು ದಿನದ ಹಿಂದೆ ನಾನೇ ಹಾಕಿದೆ. "ಅವಳಿಗೆ ಈಗ ಹೇಳ್ಬೇಡ ಮಾರಾಯ, ಸುಮ್ಮನೆ ಹೆದರ್ತಾಳೆ" ಎಂದು ಭಾವ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತನ್ನು ಇವತ್ತು ಮುರಿಯುತ್ತಿದ್ದೇನೆ.

ಪ್ರಯೋಜನವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇಂಥ ಟರ್ಬೊ ಕಾರುಗಳಲ್ಲಿ ಕಂಪನಿಯವರು ಸ್ವಲ್ಪ ಶಕ್ತಿಯನ್ನು ಕಟ್ಟಿಹಾಕಿಯೇ ಕೊಡುತ್ತಾರೆ. ಬಿಸಿಲು, ಏರುದಾರಿ, ಕೆಟ್ಟ ಪೆಟ್ರೋಲು ಎಲ್ಲವನ್ನೂ ಎಂಜಿನ್ ತಾಳಿಕೊಳ್ಳಲಿ ಎಂದು. ಆ ಕಟ್ಟು ಬಿಚ್ಚುವುದೇ ರೀಮ್ಯಾಪ್. ಬಲ್ಲವರು ಅದೇ ಕಾರಿನಲ್ಲಿ ಕೂತು, ಓಡಿಸಿ ನೋಡಿ, ಇಲ್ಲಿಯ ಪೆಟ್ರೋಲಿಗೇ ಹೊಂದುವಂತೆ ಬರೆದುಕೊಟ್ಟರೆ, ಬ್ರೇಕು ಟಯರುಗಳನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಿದರೆ, ಮಾಡಿಸಬಹುದು. ಮೊದಲ ದಿನ ಹೊಸ ಹೈವೇಯಲ್ಲಿ ಭಾವ ಆಕ್ಸಿಲರೇಟರ್ ಒತ್ತಿದಾಗ ನಾನು ಸೀಟಿಗೆ ಅಂಟಿಕೊಂಡು ಕಿರುಚಿದೆ. ಹೆದರಿಕೆಯಿಂದಲ್ಲ, ಖುಷಿಯಿಂದ. ಅದನ್ನೂ ಮುಚ್ಚಿಡುವುದಿಲ್ಲ.

ಆದರೆ ಈ ಫೈಲು ಶಾರ್ಜಾದ್ದು. ಅಲ್ಲಿ ಭಾವನ ರೂಮಿನ ಗೆಳೆಯನಲ್ಲಿ ಇದೇ ಕಾರು, ಇದೇ ಎಂಜಿನ್ ಉಂಟಂತೆ. ಅಲ್ಲಿ ಸಿಗುವ ಅತಿ ಒಳ್ಳೆಯ ಪೆಟ್ರೋಲಿಗಾಗಿ ಅವನು ಬರೆಸಿಕೊಂಡ ಫೈಲನ್ನು ಭಾವ ರಜೆಗೆ ಬರುವಾಗ ಪೆನ್‌ಡ್ರೈವಿನಲ್ಲಿ ತಂದರು, ಮನೆಯವರಿಗೆ ಅತ್ತರು ಖರ್ಜೂರ ತಂದ ಹಾಗೆ. ನಮ್ಮ ಗ್ಯಾರೇಜಿನ ಯೋಗೀಶಣ್ಣ ಅದನ್ನು ಮುಟ್ಟಲಿಲ್ಲ. "ಫೈಲು ತಂದಿರಿ, ಅಲ್ಲಿಯ ಪೆಟ್ರೋಲನ್ನು ಯಾವ ಬ್ಯಾಗಿನಲ್ಲಿ ತರ್ತೀರಿ?" ಎಂದು ಕೇಳಿದರು. "ಗಲ್ಫಿನ ಸಾಮಾನು ಯೋಗೀಶಣ್ಣ, ಎಂತದೂ ಆಗುದಿಲ್ಲ" ಎಂದು ಭಾವ ನಕ್ಕರು. ಯೋಗೀಶಣ್ಣ ಊಟಕ್ಕೆ ಹೋದ ಮೇಲೆ ನನ್ನ ಹೆಗಲಿಗೆ ಕೈಹಾಕಿ, "ನಿನಗೆ ಬರ್ತದಲ್ಲ?" ಅಂದರು. ಬರುತ್ತದೆ ಎಂದು ತೋರಿಸಬೇಕಿತ್ತು ನನಗೆ. ತಪ್ಪೆಂದು ಗೊತ್ತಿದ್ದೇ ಹಾಕಿದೆ.

ನಾಲ್ಕನೆಯ ದಿನ ಏರಿನಲ್ಲಿ ಎಂಜಿನ್ನಿನಿಂದ ಸದ್ದು ಬಂತು, ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂತೆ. ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿಗೆ ಬಡಿಯುವ ಸದ್ದು ಅದು. ಸ್ಟೇರಿಂಗಿನ ಎದುರು ಹಳದಿ ದೀಪ ಹತ್ತಿತು. ಹಳೆಯ ಫೈಲನ್ನು ತೆಗೆದಿಟ್ಟಿದ್ದೇನೆ, ಅರ್ಧ ಗಂಟೆಯಲ್ಲಿ ವಾಪಸು ಹಾಕುತ್ತೇನೆ ಎಂದೆ. ಭಾವ ಒಪ್ಪಲಿಲ್ಲ. "ಆ ದೀಪ ಒಂದು ಆರಿಸಿಕೊಡು ಸಾಕು. ಕಿನ್ನಿ ಪ್ರತಿ ಸಲ ಅದೆಂತ ಅಂತ ಕೇಳ್ತಾಳೆ" ಅಂದರು. ಏನೇ ಆದರೂ ದೀಪ ಹತ್ತದಂತೆ ಕಂಪ್ಯೂಟರಿನಲ್ಲಿ ಬದಲಾಯಿಸಿಕೊಟ್ಟೆ. ಕಾರಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಈ ಎಂಟು ದಿನ ನೀನೂ ಐದು ವರ್ಷದ ನಿನ್ನ ಮಗಳು ಕಿನ್ನಿಯೂ ಅದರಲ್ಲೇ ತಿರುಗಿದ್ದೀರಿ. ರಾತ್ರಿ ಮಲಗಿದರೆ ಆ ಕಲ್ಲಿನ ಸದ್ದು ಕೇಳುತ್ತದೆ.

ಆಯಿಲ್ ಬದಲಿಸಲೆಂದು ಭಾವ ಇವತ್ತು ಬೆಳಿಗ್ಗೆ ಕಾರನ್ನು ಇಲ್ಲಿ ಬಿಟ್ಟುಹೋಗಿದ್ದಾರೆ. ಅವರನ್ನು ಕೇಳದೆ ಹಳೆಯ ಫೈಲನ್ನು ವಾಪಸು ಹಾಕಿದೆ. ಆದರೂ ಅಕ್ಕ, ಆ ಕಾರು ಹತ್ತಬೇಡ. ಒಮ್ಮೆ ಆಕ್ಸಿಲರೇಟರ್ ಒತ್ತಿದರೆ ಫೈಲು ಬದಲಾದದ್ದು ಭಾವನಿಗೆ ಗೊತ್ತಾಗುತ್ತದೆ. ಪೆನ್‌ಡ್ರೈವ್ ಅವರ ಹತ್ತಿರ ಉಂಟು, ಹಾಕಿಕೊಡಲು ಬೇರೆ ಗ್ಯಾರೇಜುಗಳೂ ಉಂಟು. ಶುಕ್ರವಾರ ಅವರನ್ನು ಮಂಗಳೂರಿನಲ್ಲಿ ವಿಮಾನಕ್ಕೆ ಬಿಟ್ಟು ವಾಪಸು ನೀನೇ ಓಡಿಸಿಕೊಂಡು ಬರಬೇಕು, ಹಿಂದಿನ ಸೀಟಿನಲ್ಲಿ ಕಿನ್ನಿ. ಆಮೇಲೆ ದಿನಾ ಅವಳನ್ನು ಎಡನೀರಿನ ಶಾಲೆಗೆ ಬಿಡಬೇಕು. ಟ್ಯಾಂಕರನ್ನು ದಾಟುತ್ತಿರುವಾಗ ಎಂಜಿನ್ ಕೈಕೊಟ್ಟರೆ ನಿನ್ನ ಹಿಂದೆ ಬರುವ ಲಾರಿಗೆ ಅದು ಗೊತ್ತಿರುವುದಿಲ್ಲ.

ಬಹುಶಃ ಏನೂ ಆಗಲಿಕ್ಕಿಲ್ಲ. ಈಗ ಎಲ್ಲ ಮೊದಲಿನಂತೆಯೇ ಇದೆ. "ಪ್ರವೀತನಿಗೆ ಓದೂ ಹತ್ತಲಿಲ್ಲ, ಕೆಲಸವೂ ಹತ್ತಲಿಲ್ಲ" ಎಂದು ಭಾವ ಹೇಳಿದರೆ ಹೇಳಲಿ. ನೀನು ಬಸ್ಸಿನಲ್ಲಿ ಹೋಗು.

ನಿನ್ನ ತಮ್ಮ,
ಪ್ರವೀತ್

ತಾ.ಕ.: ಮೋಕ್ಷಿತಾ ಇವತ್ತು ಬೇಗ ಹೊರಟು ಬಸ್ಸಿಗೆ ಕಾಯುತ್ತಿದ್ದಾಳೆ. ಮಡಚಿದ್ದ ಪತ್ರವನ್ನು ಮತ್ತೆ ಬಿಡಿಸಿದ್ದೇನೆ. ಎಲ್ಲ ಮೊದಲಿನಂತೆಯೇ ಇದೆ ಎಂದು ಬರೆದದ್ದು ಸುಳ್ಳು, ಬರೆಯುವಾಗಲೇ ನನಗೆ ಗೊತ್ತಿತ್ತು. ಮಧ್ಯಾಹ್ನ ಆಯಿಲ್ ಇಳಿಸುವಾಗ ಅದರಲ್ಲಿ ಲೋಹದ ಹುಡಿ ಮಿನುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ನಿನ ಒಳಗೆ ಕ್ಯಾಮೆರಾ ಇಳಿಸಿ ನೋಡಿದೆ. ಮೂರನೆಯ ಪಿಸ್ಟನ್ನಿನ ಅಂಚು ಒಡೆದಿದೆ. ಹೊಸ ಆಯಿಲ್ ಹಾಕಿ ಪ್ಲಗ್ ಮತ್ತೆ ಕೂರಿಸಿದೆ, ಆದರೆ ಫೈಲು ಬದಲಿಸಿದರೆ ಒಡೆದದ್ದು ಕೂಡಿಕೊಳ್ಳುವುದಿಲ್ಲ. ನನ್ನ ಕೈಯ ಕೆಲಸ ಎಂದು ನಾಚಿಕೆಯಿಂದ ಬರೆದಿರಲಿಲ್ಲ. ಈಗಷ್ಟೇ ಭಾವ ಬಂದರು. ಯೋಗೀಶಣ್ಣನ ಎದುರೇ ಫೋಟೋ ತೋರಿಸಿ ಎಲ್ಲ ಹೇಳಿದೆ. "ಶುಕ್ರವಾರದವರೆಗೆ ಓಡಿದ್ರೆ ಸಾಕು. ತೃಪ್ತಿಗೆ ಹೇಳ್ಬೇಡ" ಅಂದರು. ನಾನು ಕೀ ಕೊಡಲಿಲ್ಲ. ಅವರು ಕಿಸೆಯಿಂದ ಇನ್ನೊಂದು ಕೀ ತೆಗೆದು, ಕಾರು ಸ್ಟಾರ್ಟ್ ಮಾಡಿ, ಕಿನ್ನಿಯನ್ನು ಶಾಲೆಯಿಂದ ಕರೆತರಲು ಹೊರಟರು.