ಮೂರು ಬಣ್ಣದ ಬುಟ್ಟಿ, ಒಂದೇ ಕೊಳವೆ

ಬಂದರಿನ ಪರಿಸರ ಕಾಯುವ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ತಾವು ‘ಹಸಿರು ಹಡಗು’ ಎಂಬ ಫಲಕ ಕೊಟ್ಟು ಬೆನ್ನು ತಟ್ಟಿದ ವಿಹಾರ ನೌಕೆ ತನ್ನ ಎಂಜಲನ್ನು ನಮ್ಮ ಕೊಲ್ಲಿಗೆ ಸುರಿಯುತ್ತಿದೆ. ಇದು ಗಾಳಿಸುದ್ದಿಯಲ್ಲ, ನಾನು ಕಣ್ಣಾರೆ ಕಂಡದ್ದು.

ಆ ಕೊಲ್ಲಿಯ ದಡದಲ್ಲಿ ಮಕ್ಕಳಿಗೆ ಈಜು ಕಲಿಸುವವಳು ನಾನು. ಈ ಹಡಗು ಬಂದುಹೋದಾಗಲೆಲ್ಲ ಮಕ್ಕಳಿಗೆ ಕಿವಿನೋವು, ಮೈತುರಿಕೆ. ತಮ್ಮ ಕಚೇರಿಗೆ ಬಂದು ಹೇಳಿದರೆ, “ಮಕ್ಕಳು ಸರಿಯಾಗಿ ಮೈ ಒರೆಸಿಕೊಳ್ಳಲ್ಲ ಬಿಡಿ” ಎಂದಿರಿ. ಕುರ್ಚಿಯಿಂದ ಏಳದೆ, ಒಂದು ಹನಿ ನೀರನ್ನೂ ನೋಡದೆ ಮುಗಿದ ಇಂಥ ಸಂಶೋಧನೆ ಜಗತ್ತಿನಲ್ಲಿ ಇನ್ನೊಂದಿದೆಯೇ?

ಹೀಗಿರುವಾಗ ನನ್ನ ನಾದಿನಿ, ತಾಯಿಯ ಬಹುಕಾಲದ ಆಸೆ ತೀರಲಿ ಎಂದು, ಅತ್ತೆಯನ್ನೂ ಜೊತೆಗೆ ನನ್ನನ್ನೂ ಅದೇ ಹಡಗು ಹತ್ತಿಸಿದಳು. ಊಟದ ಹಾಲ್‌ನಲ್ಲಿ ಹಸಿರು, ನೀಲಿ, ಹಳದಿ ಬುಟ್ಟಿಗಳು ಮದುಮಕ್ಕಳಂತೆ ಸಾಲಾಗಿ ನಿಂತಿದ್ದವು. ಅತ್ತೆ ಮನಸೋತರು. ಸಿಪ್ಪೆ ಯಾವುದಕ್ಕೆ, ಕಾಗದ ಯಾವುದಕ್ಕೆ, ಪ್ಲಾಸ್ಟಿಕ್ ಯಾವುದಕ್ಕೆ ಎಂದು ಪಕ್ಕದ ಮೇಜಿನವರಿಗೂ ಪಾಠ ಹೇಳಿದರು.

ಮರಳಿ ಬಂದ ಬೆಳಿಗ್ಗೆ ಹಡಗು ನಮ್ಮ ಕೊಲ್ಲಿಯಲ್ಲೇ ಲಂಗರು ಹಾಕಿ ನಿಂತಿತ್ತು. ತಿಂಡಿ ತಿನ್ನುವಾಗ ಒಸಡು ನೋಯುತ್ತದೆಂದು ಅತ್ತೆ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು, ಕಾಗದದಲ್ಲಿ ಸುತ್ತಿ ತಟ್ಟೆಯಲ್ಲಿಟ್ಟರು. ಮಾಣಿ ಬಂದ, ತಟ್ಟೆ ಎತ್ತಿದ, ಹೋದ. ಅತ್ತೆ ಬಾಯಿ ತಡವಿಕೊಳ್ಳುವಷ್ಟರಲ್ಲಿ ಹಲ್ಲು ಹಡಗಿನ ಹೊಟ್ಟೆ ಸೇರಿತ್ತು.

ಇಬ್ಬರೂ ಮಾಣಿಯ ಬೆನ್ನುಹತ್ತಿ ಕೆಳಗಿಳಿದೆವು. ಅಲ್ಲಿ ಕಸದ ಕೋಣೆ. ಮೂರು ಬಣ್ಣದ ಚೀಲಗಳನ್ನೂ ಒಬ್ಬಾತ ಒಂದೇ ಅರೆಯುವ ಯಂತ್ರದ ಬಾಯಿಗೆ ಸುರಿಯುತ್ತಿದ್ದ. ನಮ್ಮ ಅವಸ್ಥೆ ಕೇಳಿ ಯಂತ್ರ ನಿಲ್ಲಿಸಿ, ಕಲ್ಲಂಗಡಿ ಸಿಪ್ಪೆಗಳ ನಡುವಿನಿಂದ ಹಲ್ಲು ಹೆಕ್ಕಿಕೊಟ್ಟ. ಅತ್ತೆಗೆ ಹಲ್ಲು ಸಿಕ್ಕಿದ ಸಂತೋಷಕ್ಕಿಂತ ಬುಟ್ಟಿಗಳಿಗಾದ ಅವಮಾನವೇ ಹೆಚ್ಚಾಯಿತು.

“ಎಲ್ಲಾ ಒಂದಕ್ಕೇ ಹಾಕೋದಾದ್ರೆ ಮೂರು ಬಣ್ಣ ಯಾಕಪ್ಪಾ?”

“ಫೋಟೋ ಚೆನ್ನಾಗಿ ಬರುತ್ತೆ ಅಂತ, ಅಮ್ಮಾ.”

“ದಡದಲ್ಲಿ ಹಡಗಿನ ಕಸ ತಗೊಳ್ಳೋಕೆ ಅಂತಾನೇ ಟ್ಯಾಂಕ್ ಕಟ್ಟಿದಾರಲ್ಲ?” ಎಂದೆ ನಾನು.

“ಅಲ್ಲಿಗೆ ಕೊಟ್ರೆ ಹಡಗು ತಡ ಆಗುತ್ತಂತೆ. ಇಲ್ಲೇ ಬಿಡು ಅಂತಾರೆ ಮೇಲಿನವರು. ಬೇಡ ಅಂದ್ರೆ ಕೆಲಸ ಬಿಡಿಸಿ ನನ್ನನ್ನೇ ದಡಕ್ಕೆ ಬಿಟ್ಟುಬಿಡ್ತಾರೆ.”

ಆತ ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಗುಂಡು ಕಿಟಕಿಯಲ್ಲಿ ಇಣುಕಿದೆ. ಅದರ ಕೊಳವೆಯಿಂದ ಗಂಜಿಯಂಥ ನೀರು ಕೊಲ್ಲಿಗೆ ಭೋರೆಂದು ಬೀಳುತ್ತಿತ್ತು. ಅದು ಹರಡುತ್ತಾ ಹೋಗುತ್ತಿದ್ದ ದಿಕ್ಕಿನಲ್ಲಿ, ಮಕ್ಕಳಿಗೆಂದು ನಾನೇ ಕಟ್ಟಿದ ಹಗ್ಗ, ಅದರ ಕೆಂಪು ತೇಲುಬುರುಡೆಗಳು ಕಾಣುತ್ತಿದ್ದವು. ಮೈ ಒರೆಸಿಕೊಳ್ಳಿರೆಂದು ಆ ಮಕ್ಕಳನ್ನೇ ಗದರಿಸುತ್ತಿದ್ದೆನಲ್ಲ.

ಮೇಲೆ ಬಂದರೆ ವೇದಿಕೆಯಲ್ಲಿ ತಾವು. ದೋಣಿಯಲ್ಲಿ ಬಂದು ಆ ‘ಹಸಿರು ಹಡಗು’ ಫಲಕ ಹಿಡಿದು ನಿಂತಿದ್ದಿರಿ. ಅತ್ತೆ ಹಲ್ಲನ್ನು ಕೈಯಲ್ಲಿ ಹಿಡಿದು ಬೊಚ್ಚುಬಾಯಲ್ಲೇ ಎದ್ದು ಕಂಡದ್ದನ್ನೆಲ್ಲ ಹೇಳಿದರು. ಸಭೆ ನಕ್ಕಿತು. ತಾವೂ ನಕ್ಕು, “ಸಮುದ್ರ ದೊಡ್ಡದು ತಾಯಿ, ಎಲ್ಲಾ ಕರಗಿಸ್ಕೊಳ್ಳುತ್ತೆ” ಎಂದಿರಿ.

“ನಿಮ್ಮನೆ ನೀರಿನ ತೊಟ್ಟೀನೂ ದೊಡ್ಡದೇ ಇರಬೇಕಲ್ಲಪ್ಪಾ? ಒಂದು ಕೊಳವೆ ಅಲ್ಲಿಗೂ ಎಳೆಸಿ” ಎಂದರು ಅತ್ತೆ.

ನಮ್ಮ ದೂರಿನ ಮೇಲೆ ತಾವು ಕ್ರಮ ಕೈಗೊಂಡದ್ದು ನಿಜ. ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಕಸದ ಕೋಣೆಗೆ ಈಗ ಬೀಗ ಬಿದ್ದಿದೆಯಂತೆ. ಊಟದ ಮೇಜುಗಳ ಮೇಲೆ ಸೂಚನೆಯೊಂದು ಬಂದಿದೆ: ‘ಪ್ರಯಾಣಿಕರು ಕೃತಕ ದಂತಗಳನ್ನು ತಟ್ಟೆಯಲ್ಲಿ ಬಿಡತಕ್ಕದ್ದಲ್ಲ.’ ಪರಿಸರ ರಕ್ಷಣೆಯೆಂದರೆ ಇದೇ ಇರಬೇಕು. ಇತ್ತ ನನ್ನ ಈಜು ತರಗತಿ ನಿಂತಿದೆ. ಹಗ್ಗದ ಮೇಲೆ ಹಕ್ಕಿಗಳು ಕೂರುತ್ತಿವೆ.

ನನ್ನ ಬೇಡಿಕೆ ಸರಳ. ಹಡಗು ಮತ್ತೆ ಬಂದ ದಿನ, ಹೇಳದೆ ಕೇಳದೆ ಹತ್ತಿ ಆ ಬೀಗ ತೆಗೆಸಿ. ಕೊಳವೆಯ ಬಾಯಿ ಮುಚ್ಚಿಸಿ ಮುದ್ರೆ ಒತ್ತಿ. ಕಸವೆಲ್ಲ ದಡದ ಟ್ಯಾಂಕಿಗೆ ಬರಲಿ. ಆ ಟ್ಯಾಂಕಿನ ರಿಬ್ಬನ್ ತಾವೇ ಕತ್ತರಿಸಿದ್ದಲ್ಲವೇ, ಖಾಲಿ ನಿಂತು ಅದಕ್ಕೂ ಬೇಸರವಾಗಿರಬಹುದು. ಇದಾಗದಿದ್ದರೆ ಫಲಕ ವಾಪಸು ಪಡೆಯಿರಿ. ಅದೂ ಆಗದು, ನೀರು ಶುದ್ಧವೇ ಇದೆ ಎನ್ನುವುದಾದರೆ, ಹಡಗು ಹೊರಟ ಮರುದಿನ ಬೆಳಿಗ್ಗೆ ನನ್ನ ಹಗ್ಗದ ಬಳಿ ನೀರಿಗಿಳಿಯಿರಿ. ಈಜು ಬಾರದಿದ್ದರೆ ಹೆದರಬೇಡಿ, ನಾನು ಕಲಿಸುತ್ತೇನೆ. ನೀರಿನಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಮೊದಲ ಪಾಠ. ತಮಗದು ಆಗಲೇ ಬರುತ್ತದೆ.

ಇಂತಿ,
ದಡದಲ್ಲೇ ಕುಳಿತ ಈಜು ಶಿಕ್ಷಕಿ